ನಾಲ್ಕು ಸ್ಕ್ರೂಗಳ ಆಚೆ

ನಂಜನಗೂಡಿನಲ್ಲಿ ಬಸ್ಸಿಳಿದವರೆಲ್ಲ ಶ್ರೀಕಂಠೇಶ್ವರನ ಗುಡಿಯ ಕಡೆ ಹೊರಟರೆ, ನಾನು ಮೊಬೈಲ್ ರಿಪೇರಿ ಅಂಗಡಿ ಹುಡುಕುತ್ತಿದ್ದೇನೆ. ಚೀಲದಲ್ಲಿರುವುದು ತಿ. ನರಸೀಪುರದ ಅಕ್ಕನ ಮಗನ ಪ್ಲೇಸ್ಟೇಷನ್ 4 ಕಂಟ್ರೋಲರ್. ಬೆರಳು ತಾಗಿಸದಿದ್ದರೂ ಆಟದ ಕಾರು ಎಡಕ್ಕೇ ಎಳೆಯುತ್ತದೆ.

ಅಂಗಡಿಯ ಹುಡುಗ ಬೆನ್ನಿನ ನಾಲ್ಕು ಸ್ಕ್ರೂ ಬಿಚ್ಚಿ ಚಿಪ್ಪನ್ನು ಮೆಲ್ಲಗೆ ಮೀಟುತ್ತಾನೆ. ಟಕ್ಕೆಂದು ಬಾಯಿಬಿಟ್ಟ ಹೋಳುಗಳ ನಡುವೆ ತೆಳ್ಳನೆಯ ರಿಬ್ಬನ್ ಕೇಬಲ್, ಅವಸರಪಟ್ಟರೆ ಹರಿದೇಹೋಗುತ್ತದೆ. ಅಷ್ಟರಲ್ಲಿ ಟ್ರಿಗರ್‌ನ ಸ್ಪ್ರಿಂಗೊಂದು ಚಿಮ್ಮಿ ಕಪಾಟಿನಡಿ ನುಸುಳುತ್ತದೆ. ರೀಚಾರ್ಜಿಗೆ ಬಂದವರೂ ಟಾರ್ಚ್ ಹಾಕಿ ಹುಡುಕುತ್ತಾರೆ!

1000 ಎಂಎಎಚ್ ಬ್ಯಾಟರಿ ಎತ್ತಿದರೆ ಹಸಿರು ಬೋರ್ಡು. ಗುಂಡಿಗಳ ಕೆಳಗೆ ಮೆತ್ತನೆಯ ರಬ್ಬರು, ಅದರಡಿ ಕಪ್ಪು ಕಾರ್ಬನ್ ಚುಕ್ಕೆ. ಒತ್ತಿದಾಗ ಆ ಚುಕ್ಕೆ ಕೆಳಗಿನ ಹಾಳೆಗೆ ತಾಗಿ ವಿದ್ಯುತ್ ಹರಿಯುತ್ತದೆ. ಹಿಡಿಕೆಗಳೊಳಗೆ ಎರಡು ಮೋಟಾರು, ಎಡದ್ದು ದಪ್ಪ, ಬಲದ್ದು ಸಣ್ಣದು. ಒಂದೇ ಪಕ್ಕಕ್ಕೆ ತೂಕ ಹೊತ್ತು ತಿರುಗುವುದರಿಂದಲೇ ಕೈ ನಡುಗುವುದು. ಸೋನಿಯ ಡ್ಯುಯಲ್‌ಶಾಕ್ ಕಂಟ್ರೋಲರ್ 1997ರಲ್ಲಿ ಬಂದಾಗಿನಿಂದ ಈ ಜೋಡಿ ಇದೆ.

ಕೊನೆಗೆ ಹೆಬ್ಬೆರಳಿನ ಕಡ್ಡಿ. ಅದರ ಬುಡದಲ್ಲಿ ಎರಡು ಪೊಟೆನ್ಷಿಯೊಮೀಟರ್. ಒಂದಕ್ಕೆ ಎಡಬಲವಷ್ಟೇ ಗೊತ್ತು, ಇನ್ನೊಂದಕ್ಕೆ ಮೇಲೆಕೆಳಗಷ್ಟೇ. ಕಪಿಲೆ, ಕಾವೇರಿ ತಿರುಮಕೂಡಲಿನಲ್ಲಿ ಒಂದಾಗುವಂತೆ ಎರಡರ ಲೆಕ್ಕ ಕೂಡಿದಾಗಲೇ ಕಾರಿಗೆ ದಿಕ್ಕು. ಹುಡುಗ ಪುಟ್ಟ ಮುಚ್ಚಳ ತೆಗೆದು ಕಾರ್ಬನ್ ಪಟ್ಟಿ ತೋರಿಸುತ್ತಾನೆ: "ನೋಡಿ ಸಾರ್, ಇಲ್ಲೇ ಸವೆದಿರೋದು." ಮಗು ಆಡಿದ ಆಟವೆಲ್ಲ ಉಗುರಿಗಿಂತ ಚಿಕ್ಕ ಜಾಗದಲ್ಲಿ ಗೆರೆಯಾಗಿ ಕೂತಿದೆ! ಉಜ್ಜಾಟವೇ ಇಲ್ಲದ, ಅಯಸ್ಕಾಂತದಿಂದ ದಿಕ್ಕು ತಿಳಿಯುವ ಹಾಲ್ ಸೆನ್ಸರ್ ಕಡ್ಡಿಗಳೂ ಈಗ ಸಿಗುತ್ತವಂತೆ. ಎಡ್ವಿನ್ ಹಾಲ್ 1879ರಲ್ಲಿ ಕಂಡ ವಿದ್ಯಮಾನ ಮಕ್ಕಳ ಹೆಬ್ಬೆರಳಿನಡಿಗೆ ಬಂದಿದೆ.

ಕಡ್ಡಿ ಬದಲಿಸಲು 14 ಬೆಸುಗೆ ಕರಗಿಸಬೇಕು. ಸರಿಯಾಗಿ ಆಗಲೇ ಕರೆಂಟು ಹೋಗುತ್ತದೆ. ಕಾಯುವವರಿಗೆಲ್ಲ ಟೀ ಬರುತ್ತದೆ.

ಕರೆಂಟು ಬಂದು ಕಡ್ಡಿ ಬದಲಾದ ಮೇಲೆ, ನರಸೀಪುರದ ಬಸ್ಸಿನಲ್ಲಿ ನಿಲ್ಲಲೂ ಜಾಗ ಸಾಲದು. ಕಂಟ್ರೋಲರನ್ನು ಎದೆಗವಚಿಕೊಂಡೇ ಪಯಣ. ಮನೆಯಲ್ಲಿ ಅಕ್ಕನ ಮಗ ಆಟ ಶುರುಮಾಡುತ್ತಾನೆ, ಕಾರು ನೆಟ್ಟಗೆ ಓಡುತ್ತದೆ. ಮೋಟಾರುಗಳ ಕಥೆ ಹೇಳಿದ್ದೇ ತಡ, ಬೇಕೆಂದೇ ಕಾರನ್ನು ಗೋಡೆಗೆ ಗುದ್ದಿ ಕೂಗುತ್ತಾನೆ: "ಮಾವ, ಇದು ಎಡಗಡೆ ದಪ್ಪಂದು!" ಜಲ್ಲಿಯ ಮೇಲೆ ಓಡಿಸಿ, "ಇದು ಬಲಗಡೇದು!"