ರಸೀದಿ ಪುಸ್ತಕ

ದುಡ್ಡು ಕೇಳುವುದು ನಮ್ಮ ಮನೆಯಲ್ಲಿ ಯಾರಿಗೂ ಬಾರದ ವಿದ್ಯೆ. ಹಾಗಿದ್ದೂ ಕಾಲೇಜಿನ ವಿದ್ಯಾರ್ಥಿವೇತನ ನಿಧಿಗೆ ಹಣ ಕೂಡಿಸುವ ಜವಾಬ್ದಾರಿ ನನ್ನ ಹೆಗಲೇರಿತು. ವಾರವೆಲ್ಲ ಚಿತ್ರದುರ್ಗದಲ್ಲಿ ಪಾಠ. ಭಾನುವಾರ ಬಂತೆಂದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿರುವ ಹಳೆಯ ವಿದ್ಯಾರ್ಥಿಗಳ ಮನೆ ಹುಡುಕಾಟ. ಚೀಲದಲ್ಲೊಂದು ರಸೀದಿ ಪುಸ್ತಕ, ನೀರಿನ ಬಾಟಲಿ.

ಓದಿಗಾಗಿ ಕೇಳುವುದು ಈ ಸೀಮೆಗೆ ಹೊಸದಲ್ಲ. ಮಳೆಯನ್ನು ನಂಬಲಾಗದ ಜಿಲ್ಲೆ ಇದು. ಸಿರಿಗೆರೆಯಂಥ ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಉಂಡು ಓದಿದ ಹಿರಿಯರು ಊರೂರಲ್ಲೂ ಸಿಗುತ್ತಾರೆ. ಆದರೆ ಕಾಳಿಗೂ ನಿಧಿಗೂ ವ್ಯತ್ಯಾಸವಿದೆ. ಕಾಳು ಉಂಡರೆ ಮುಗಿಯಿತು. ದತ್ತಿನಿಧಿಯಲ್ಲಿ ಅಸಲು ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಬಳಕೆಗೆ. ಹತ್ತು ಸಾವಿರದ ಠೇವಣಿಗೆ ಶೇಕಡಾ 6ರಂತೆ ವರ್ಷಕ್ಕೆ 600 ರೂಪಾಯಿ. ಹಿಂದೆ ಯಾರೋ ಚಿನ್ನದ ಪದಕಕ್ಕೆಂದು ಇಟ್ಟ ಹಣದಲ್ಲಿ ಇವತ್ತು ಪದಕದ ಡಬ್ಬಿ ಬಂದೀತು. ಬಡ್ಡಿಯಲ್ಲಿ ಒಂದಿಷ್ಟನ್ನು ಅಸಲಿಗೆ ಸೇರಿಸುತ್ತ, ಹೊಸ ಹಣ ತರುತ್ತ ಇರದಿದ್ದರೆ ನಿಧಿ ನಿಂತಲ್ಲೇ ಸವೆಯುತ್ತದೆ.

2022ರಲ್ಲಿ ಹೊಳಲ್ಕೆರೆ ಕಡೆಯ ಅಡಿಕೆ ತೋಟದವರೊಬ್ಬರು ಕರೆಸಿಕೊಂಡರು. "ಹತ್ತು ಲಕ್ಷ ಕೊಡ್ತೀನಿ ಮೇಷ್ಟ್ರೇ, ನಮ್ಮಪ್ಪನ ಹೆಸರಲ್ಲಿ. ಆದ್ರೆ ಒಂದು ಮಾತು, ನಮ್ಮ ಜನದ ಮಕ್ಕಳಿಗೇ ಹೋಗ್ಬೇಕು."

ಹತ್ತು ಲಕ್ಷಕ್ಕೆ ವರ್ಷಕ್ಕೆ 60,000 ಬಡ್ಡಿ. ನಮ್ಮ ಪಟ್ಟಿಯಲ್ಲಿ ಆ ವರ್ಷ ಆರು ಹುಡುಗಿಯರಿದ್ದರು. ತಲಾ 10,000 ಬೇಕಿತ್ತು. ನಾನು ಮೊದಲು ಕಾನೂನು ಹೇಳಿದೆ: ಆದಾಯ ತೆರಿಗೆಯ 80ಜಿ ವಿನಾಯಿತಿ ಇರುವ ನಿಧಿಯನ್ನು ಒಂದು ಧರ್ಮಕ್ಕೋ ಜಾತಿಗೋ ಮೀಸಲಿಡುವಂತಿಲ್ಲ, ಪರಿಶಿಷ್ಟರು, ಹಿಂದುಳಿದವರು, ಮಹಿಳೆಯರು, ಮಕ್ಕಳ ವಿಷಯ ಮಾತ್ರ ಬೇರೆ. "ನಂಗೆ ತೆರಿಗೆ ವಿನಾಯಿತಿ ಬೇಡ ಬಿಡಿ" ಎಂದರು. ಕಾನೂನಿನ ಕೊಡೆ ಅಲ್ಲಿಗೆ ಮುಚ್ಚಿತು.

"ನಿಮ್ಮ ತಂದೆಯವರು ಹಾಸ್ಟೆಲಿನಲ್ಲಿದ್ದು ಓದಿದವರಲ್ವಾ? ಅಲ್ಲಿಗೆ ರಾಗಿ ಕೊಟ್ಟವರೆಲ್ಲ ಯಾವ ಜನ ಅಂತ ಅವರು ಕೇಳಿದ್ರಾ?" ಎಂದೆ. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ತೋಟದ ಕಡೆ ನೋಡಿ, "ಊಟ ಮಾಡ್ಕೊಂಡು ಹೋಗಿ" ಎಂದರು. ಊಟವಾಯಿತು, ಚೆಕ್ಕು ಬರಲಿಲ್ಲ.

ನಿಧಿ ಸಮಿತಿಯಲ್ಲಿ ಒಬ್ಬರು, "ಹಣಕ್ಕೆ ಜಾತಿ ಇದೆಯೇನ್ರೀ?" ಎಂದು ಕೇಳಿದರು. ಹಣಕ್ಕಿರಲಿಲ್ಲ, ಷರತ್ತಿಗಿತ್ತು. ಎರಡು ತಾಸು ಜಗಳವಾಡಿ, ಬೇಡವೆಂದೇ ತೀರ್ಮಾನಿಸಿದೆವು.

ಆಮೇಲೆ ಬೇರೆ ಲೆಕ್ಕ ಹಾಕಿದೆ. ತಿಂಗಳಿಗೆ 200 ರೂಪಾಯಿ ಕೊಡುವ 25 ಜನ ಸಿಕ್ಕರೆ ವರ್ಷಕ್ಕೆ ಅದೇ 60,000. ಹಿರಿಯೂರಿನ ಹೋಟೆಲೊಂದರಲ್ಲಿ ಇದನ್ನು ಹೇಳಿದಾಗ ಹಳೆಯ ವಿದ್ಯಾರ್ಥಿಯೊಬ್ಬ ನಕ್ಕ. ಅದೇ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆಗೆ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ಘೋಷಿಸಿದ್ದರು. ಆ ಸಂಸ್ಥೆಯ ಇನ್ನೊಂದು ಆವರಣ ನಮ್ಮದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. "ಅಲ್ಲಿ ಕೋಟಿ, ಇಲ್ಲಿ ನೀವು ಇನ್ನೂರು ಅಂತೀರಲ್ಲ ಸಾರ್!"

ಊರೆಲ್ಲ ಆಗ ಮಾರಿಕಣಿವೆಯ ಮಾತೇ ಆಡುತ್ತಿತ್ತು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು. ಮತ್ತೆ ಕೋಡಿ ಬಿದ್ದಿದ್ದು 89 ವರ್ಷದ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ನೋಡಲು ಜನಜಾತ್ರೆ. "ಕೋಡಿ ಬಿದ್ದಿದ್ದು ಸರಿ ಕಣಪ್ಪ. ನಡುವಿನ ಅಷ್ಟೂ ವರ್ಷ ನಿಮ್ಮ ತೋಟಕ್ಕೆ ಬಂದ ನೀರು ಯಾವುದು?" ಎಂದೆ. "ನಾಲೆದು" ಎಂದ. ಫೋನು ತೆಗೆದು ತಿಂಗಳಿಗೆ 200 ತಾನಾಗಿ ಕಡಿತವಾಗುವಂತೆ ಮಾಡಿದ. ಅವನು ಹನ್ನೊಂದನೆಯವನು.

ವರ್ಷದ ಕೊನೆಗೆ ಸಿಕ್ಕಿದ್ದು 19 ಜನ, 45,600 ರೂಪಾಯಿ. ನಾಲ್ವರಿಗೆ ಪೂರ್ತಿ ಶುಲ್ಕ ಕಟ್ಟಿದೆವು. ಉಳಿದ 5,600ನ್ನು ಇನ್ನಿಬ್ಬರಿಗೆ ಹಂಚಿ, ಬಾಕಿಗೆ ಕಂತು ಕೇಳಿಕೊಂಡೆವು. ಅವರಲ್ಲೊಬ್ಬಳು ಹೇಗೋ ಮುಗಿಸಿದಳು. ಇನ್ನೊಬ್ಬಳು ಎರಡನೇ ಸೆಮಿಸ್ಟರಿಗೆ ಬರಲಿಲ್ಲ. ಹತ್ತು ಲಕ್ಷ ಒಪ್ಪಿಕೊಂಡಿದ್ದರೆ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಅವಳು ಆ ಷರತ್ತಿನೊಳಗೆ ಬರುವವಳಾಗಿರಲಿಲ್ಲ. ಇದು ಸತ್ಯ, ಆದರೆ ಸಮಾಧಾನವಲ್ಲ.

ಕೇಳುವುದಕ್ಕಿಂತ ಕಷ್ಟದ ಕೆಲಸವೆಂದರೆ ಕೊಟ್ಟವರ ಮನೆಗೆ ಏನನ್ನೂ ಕೇಳದೆ ಮತ್ತೊಮ್ಮೆ ಹೋಗುವುದು. ಜೂನ್‌ನಲ್ಲಿ ರಸೀದಿ ಪುಸ್ತಕ ಬಿಟ್ಟು, ಒಂದು ಹಾಳೆಯಲ್ಲಿ ಲೆಕ್ಕ ಬರೆದುಕೊಂಡು ಹೊರಟೆ. ಹೆಸರುಗಳಿಲ್ಲ, ಬಂದದ್ದು, ಹೋದದ್ದು, ಎಷ್ಟು ಜನ ಪಾಸು, ಎಷ್ಟು ಜನ ಬಿಟ್ಟರು, ಅಷ್ಟೇ. ಹೊಸದುರ್ಗದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ನಮ್ಮ ಹಳೆಯ ವಿದ್ಯಾರ್ಥಿನಿ ಹೊಲಿಗೆ ನಿಲ್ಲಿಸಿ ಹಾಳೆಯನ್ನು ಪೂರ್ತಿ ಓದಿದಳು. ಪಾಸಾದವರ ಬಗ್ಗೆ ಏನೂ ಕೇಳಲಿಲ್ಲ.

"ಈ ಒಬ್ಳು ಯಾಕೆ ಸಾರ್ ಬಿಟ್ಟಿದ್ದು? ಮತ್ತೆ ಸೇರಿಸ್ಕೊಳ್ಳೋಕೆ ಆಗಲ್ವಾ?"

ಆಗುತ್ತದೆ ಎಂದೆ. ಆ ಹುಡುಗಿಯ ಊರಿಗೆ ಬಸ್ಸು ಎಷ್ಟೊತ್ತಿಗಿದೆ ಎಂದು ಅಲ್ಲೇ ವಿಚಾರಿಸಿಕೊಂಡೆ.