ನೇತ್ರಾಣಿಗೆ ಹೊರಡುವ ಮುನ್ನ

ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಸಾಗಿದರೆ ನೇತ್ರಾಣಿ. ಜನವಸತಿಯಿಲ್ಲದ ಈ ದ್ವೀಪದ ಸುತ್ತ ಹವಳ, ಬಣ್ಣದ ಮೀನು. ಮಳೆಗಾಲದಲ್ಲಿ ಮಾತ್ರ ಕಡಲು ಯಾರನ್ನೂ ಹತ್ತಿರ ಬಿಡದು. ಸ್ಕೂಬಾ ಕಲಿತ ಕೆಲವರು ಇಲ್ಲಿಗೆ ತಮ್ಮದೇ ಜಾಕೆಟ್ ತರುತ್ತಾರೆ.

ಸಿಲಿಂಡರನ್ನು ಬೆನ್ನಿಗೆ ಕಟ್ಟುವ, ಗಾಳಿ ತುಂಬಿದರೆ ತೇಲಿಸುವ ಈ ಜಾಕೆಟ್ಟಿಗೆ ಡೈವರ್‌ಗಳು ಬಿ.ಸಿ. ಎನ್ನುತ್ತಾರೆ. ಪ್ರಯಾಣದ ಹಗುರ ಬಿ.ಸಿ. ಎರಡು-ಮೂರು ಕಿಲೋ ತೂಗುತ್ತದೆ. ಅನೇಕವುಗಳಲ್ಲಿ ಬೆನ್ನಿಗೆ ಗಟ್ಟಿ ಹಲಗೆಯಿಲ್ಲ. ಮಡಚಿ ಚೀಲಕ್ಕೆ ತುರುಕಬಹುದು. ಹಲಗೆಯಿಲ್ಲದ್ದರಿಂದಲೇ ಅಳತೆ ತಪ್ಪಿದರೆ ಸಿಲಿಂಡರ್ ಬೆನ್ನ ಮೇಲೆ ಹೊರಳಾಡುತ್ತದೆ.

ಹೊಂದಿಸುವ ಕೆಲಸ ಮನೆಯಲ್ಲೇ ಆಗಬೇಕು. ಈಜುಡುಗೆಯ ಮೇಲೆ ತೊಟ್ಟು, ಬಾಯಿಂದಲೇ ಪೂರ್ತಿ ಊದಿ, ದೀರ್ಘ ಉಸಿರೆಳೆಯಬೇಕು. ಎದೆ ಬಿಗಿದರೆ ಪಟ್ಟಿ ಸಡಿಲಿಸಬೇಕು. ಅಪ್ಪನೋ ಅಕ್ಕನೋ ಹೆಗಲ ಬಳಿ ಹಿಡಿದೆಳೆದಾಗ ಜಾಕೆಟ್ ಕಿವಿಗೇರಿದರೆ ಸೊಂಟದ ಪಟ್ಟಿ ಬಿಗಿಯಬೇಕು. ಉಳಿದ ಪಟ್ಟಿ ಕತ್ತರಿಸುವ ಆತುರ ಬೇಡ, ಮಕ್ಕಳು ಬೆಳೆಯುತ್ತಾರೆ! ಮಡಚಿ ರಬ್ಬರ್ ಬಳೆಗೆ ಸಿಕ್ಕಿಸಿದರಾಯಿತು. ಸಿಲಿಂಡರಿನ ಪಟ್ಟಿಯನ್ನು ಮಾತ್ರ ನೆನೆಸಿಯೇ ಬಿಗಿಯಬೇಕು. ನೈಲಾನ್ ನೀರಿನಲ್ಲಿ ಹಿಗ್ಗುತ್ತದೆ.

ಈಜುಕೊಳದಲ್ಲಿ ಸರಿಹೋದ ಸೀಸದ ತೂಕ ಉಪ್ಪುನೀರಿನಲ್ಲಿ ಸಾಲದು. ಹಾಗೆಂದು ಅತಿಯಾಗಿ ಹೇರಿಕೊಂಡರೆ ಅದನ್ನು ಸರಿದೂಗಿಸಲು ಜಾಕೆಟ್ಟಿಗೆ ಹೆಚ್ಚು ಗಾಳಿ ಬೇಕು. ಬಾಯ್ಲ್ ನಿಯಮ ಓದಿದವರಿಗೆ ಅಪಾಯ ಹೊಳೆಯುತ್ತದೆ: 10 ಮೀಟರ್ ಆಳದಲ್ಲಿ ತುಂಬಿದ ಗಾಳಿ ಮೇಲೆ ಬರುವಷ್ಟರಲ್ಲಿ ಇಮ್ಮಡಿಯಾಗಿ ಡೈವರನ್ನು ಬುರುಡೆಯಂತೆ ಮೇಲಕ್ಕೆಸೆಯುತ್ತದೆ. ಆಗ ಉಸಿರು ಬಿಗಿಹಿಡಿದರೆ ಶ್ವಾಸಕೋಶವೇ ಹರಿಯಬಹುದು.

ಗಾಳಿ ಬಿಡುವ ಗುಂಡಿಯೂ ಎಳೆದಾರವೂ ಕಣ್ಣು ಮುಚ್ಚಿದರೂ ಕೈಗೆ ಸಿಗುತ್ತವೆಯೇ ಎಂದು ದೋಣಿಯಲ್ಲಿ ಕುಳಿತೇ ನೋಡಿಕೊಳ್ಳಬೇಕು.