ಮುಟ್ಟಿ ನೋಡುವವರ ಬೆಟ್ಟ

ಚೆನ್ನೈನ ಪರಂಗಿಮಲೈಯನ್ನು ಬೆಟ್ಟವೆಂದು ಮಲೆನಾಡಿನವರು ಒಪ್ಪಲಿಕ್ಕಿಲ್ಲ. ಎತ್ತರ ಸುಮಾರು 300 ಅಡಿ, ಅಷ್ಟೆ. ತುದಿಯವರೆಗೂ ಗಾಡಿ ಹೋಗುತ್ತದೆ. ನನಗೆ ಮಾತ್ರ ಮೆಟ್ಟಿಲ ದಾರಿಯೇ ಪ್ರಿಯ. 18ನೇ ಶತಮಾನದಲ್ಲಿ ಪೆಟ್ರಸ್ ಉಸ್ಕಾನ್ ಎಂಬ ಆರ್ಮೇನಿಯನ್ ವರ್ತಕ ಸ್ವಂತ ಹಣ ಹಾಕಿ ಕಟ್ಟಿಸಿದ ಮೆಟ್ಟಿಲುಗಳವು. ಯಾತ್ರಿಕರಿಗೆ ಅಡ್ಯಾರ್ ಹೊಳೆ ದಾಟಲು ಸೈದಾಪೇಟೆಯಲ್ಲಿ ಸೇತುವೆಯನ್ನೂ ಅವನೇ ಕಟ್ಟಿಸಿದ. ಎಲ್ಲಿಂದಲೋ ಬಂದವನಿಗೆ ಎಂಥ ಮಮತೆ!

ಮೇಲಿರುವುದು ಪೋರ್ಚುಗೀಸರು 1523ರಲ್ಲಿ ಕಟ್ಟಿದ ಪುಟ್ಟ ಇಗರ್ಜಿ. ಅಲ್ಲಿ ಸಂತ ತೋಮಸರ ಎಲುಬಿನ ಒಂದು ಚೂರು ಇದೆ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ನನ್ನ ಮನಸ್ಸಿಗೆ ಹತ್ತಿರದವರು ಇವರು. ಗುರು ಸತ್ತು ಮತ್ತೆ ಎದ್ದು ಬಂದರೆಂದು ಜೊತೆಯವರೆಲ್ಲ ಸಂಭ್ರಮಿಸುವಾಗ, ಮೊಳೆಯ ಗಾಯಕ್ಕೆ ಬೆರಳಿಟ್ಟು ನೋಡುವ ತನಕ ನಂಬಲಾರೆ ಎಂದರಲ್ಲ, ಆ ಮಾತಿಗಾಗಿ. ಯೇಸು ಅವರನ್ನು ದೂರ ತಳ್ಳಲಿಲ್ಲ. ಹತ್ತಿರ ಕರೆದು, ಮುಟ್ಟು ಎಂದರು. ಹಾಗೆ ಮುಟ್ಟಬಯಸಿದವರ ಎಲುಬನ್ನೇ ಈಗ ಜನ ಸಾಲುಗಟ್ಟಿ ನೋಡುತ್ತಾರೆ.

ತೋಮಸರು ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದರು, 72ರಲ್ಲಿ ಈ ಬೆಟ್ಟದ ಮೇಲೆ ಈಟಿಯ ತಿವಿತಕ್ಕೆ ಪ್ರಾಣ ಬಿಟ್ಟರು ಎಂಬುದು ಪರಂಪರೆಯ ನಂಬಿಕೆ. ಮೈಲಾಪುರದಲ್ಲಿ ಮಣ್ಣಾದ ದೇಹದ ಎಲುಬುಗಳು ಮುಂದೆ ಎಡೆಸ್ಸಾಕ್ಕೆ ಹೋದವು, ಅಲ್ಲಿಂದ ಕೊನೆಗೆ ಇಟಲಿಯ ಒರ್ಟೋನಾ ಸೇರಿದವು ಎನ್ನುತ್ತಾರೆ.

ಆದರೆ ನಾನು ಹೆಚ್ಚು ಹೊತ್ತು ನಿಲ್ಲುವುದು ಬಲಿಪೀಠದ ಗೋಡೆಯಲ್ಲಿರುವ ಕಲ್ಲಿನ ಶಿಲುಬೆಯ ಮುಂದೆ. 1547ರಲ್ಲಿ ನೆಲ ಅಗೆಯುವಾಗ ಸಿಕ್ಕಿದ್ದು. ಮೇಲೊಂದು ಪಾರಿವಾಳ, ಸುತ್ತ ಕಮಾನಿನಂತೆ ಪಹ್ಲವಿ ಲಿಪಿಯ ಸಾಲು. ಸಂತರೇ ಕೆತ್ತಿದ್ದೆಂದು ಭಕ್ತರು ನಂಬುತ್ತಾರೆ; ಲಿಪಿ ಬಲ್ಲವರು ಹಲವು ಶತಮಾನ ಈಚಿನದೆನ್ನುತ್ತಾರೆ. ಅದರಿಂದ ಶಿಲುಬೆಯ ಬೆಲೆಯೇನೂ ಇಳಿಯದು. ಪೋರ್ಚುಗೀಸರ ಹಡಗು ಕಾಣಿಸುವುದಕ್ಕೆ ಎಷ್ಟೋ ಮೊದಲೇ ಪರ್ಷಿಯದ ನುಡಿಯಲ್ಲಿ ಪ್ರಾರ್ಥಿಸುವವರು ಈ ತೀರದಲ್ಲಿದ್ದರು, ಇಲ್ಲಿಯ ಕಲ್ಲಿಗೆ ಉಳಿ ಹಿಡಿದರು ಎಂಬುದು ನನಗೆ ರೋಮಾಂಚನ ತರುವ ಸಂಗತಿ. 1558ರ ಡಿಸೆಂಬರ್ 18ರಂದು ಪೂಜೆಯ ನಡುವೆ ಈ ಕಲ್ಲು ರಕ್ತ ಬೆವರಿತಂತೆ. 1704ರವರೆಗೂ ಆಗಾಗ ಹಾಗಾಯಿತೆಂಬ ಪ್ರತೀತಿ.

ನೋಡದೆ ಒಪ್ಪದ ಇನ್ನೊಬ್ಬನಿಗೂ ಈ ಬೆಟ್ಟದ ನಂಟಿದೆ. ಶ್ರೀರಂಗಪಟ್ಟಣದ 1799ರ ಯುದ್ಧದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್‌ನಲ್ಲಿ ಇದರ ಬುಡದ ಬಯಲಿನಲ್ಲೇ ನೂರಡಿಯ ಉಕ್ಕಿನ ಸರಪಳಿ ಹಾಸಿ ನೆಲ ಅಳೆಯತೊಡಗಿದ. ಬಿಸಿಲಿಗೆ ಸರಪಳಿ ಹಿಗ್ಗಿದರೆ ಲೆಕ್ಕ ತಪ್ಪೀತೆಂದು ಅದಕ್ಕೆ ನೆರಳು ಕಟ್ಟಿಸಿದ್ದ. ಆ ಅಳತೆಯೇ ತ್ರಿಕೋನ ತ್ರಿಕೋನವಾಗಿ ಬೆಂಗಳೂರು ದಾಟಿ ಮಂಗಳೂರಿನ ಕಡಲು ಮುಟ್ಟಿತು.

ಡಿಸೆಂಬರ್ 18 ಇಲ್ಲಿಯ ಇಗರ್ಜಿಯಲ್ಲಿ ಮರಿಯ ಮಾತೆಯ ಹಬ್ಬ. ಆ ಹೊತ್ತಿಗೆ ಮದರಾಸಿನ ಸೆಕೆಯೂ ತಗ್ಗಿರುತ್ತದೆ. ಹೋಗುವುದಾದರೆ ಆಗ ಹೋಗಿ, ಬೆಳಿಗ್ಗೆ ಬೇಗ, ನಡೆದೇ ಹತ್ತಿ.